ಮರದಿಂದ ಬಿದ್ದವರನ್ನು ಕೂರಿಸಬೇಡಿ, ಬಾಯಿಗೆ ನೀರು ಬಿಡಬೇಡಿ: ಆಂಬುಲೆನ್ಸ್ ಬರುವ ಮೊದಲು ತೋಟದಲ್ಲಿ ಏನು ಮಾಡಬೇಕು?

ಈ ವಾರ ಕೊಳೆರೋಗ ಇಲ್ಲ, ಗೊಬ್ಬರದ ಲೆಕ್ಕ ಇಲ್ಲ. ಬೋರ್ಡೋ ಸಿಂಪಡಣೆಗೆ ಮರ ಹತ್ತುವ ಸಮಯ ಬಂತು. ಹಾಗಾಗಿ ಗಿಡದ ರೋಗ ಬಿಟ್ಟು ಗಿಡ ನೋಡಿಕೊಳ್ಳುವವರ ವಿಷಯ ಬರೆಯುತ್ತಿದ್ದೇನೆ. ಅದರಲ್ಲೂ ಮಿದುಳು, ಬೆನ್ನುಹುರಿ, ನರ, ಈ ಮೂರಕ್ಕೆ ಪೆಟ್ಟಾದಾಗ ಅಥವಾ ವಿಷ ಏರಿದಾಗ ಆಸ್ಪತ್ರೆ ಮುಟ್ಟುವ ತನಕ ನಾವು ಏನು ಮಾಡಬೇಕು ಅನ್ನುವುದು.

ಮೊದಲೇ ಹೇಳಿಬಿಡ್ತೇನೆ, ನಾನು ಡಾಕ್ಟರಲ್ಲ. ತೋಟಗಾರಿಕೆ ಓದಿ ಈಗ ಸಾವಯವ ಕೃಷಿ ಮಾಡುವವನು. ಇಲ್ಲಿರುವುದೆಲ್ಲ ಪ್ರಥಮ ಚಿಕಿತ್ಸೆಯ ತರಬೇತಿಗಳಲ್ಲಿ ಕಲಿಸುವ ಸಂಗತಿಗಳೇ. ಆದರೆ ಆ ತರಬೇತಿಗಳು ಸಮತಟ್ಟಾದ ಹಾಲ್‌ನಲ್ಲಿ ನಡೆಯುತ್ತವೆ, ನಮ್ಮ ತೋಟಗಳು ಇಳಿಜಾರಿನಲ್ಲಿ, ತೋಡಿನ ಆಚೆ, ನೆಟ್‌ವರ್ಕ್ ಸಿಗದ ಗುಂಡಿಯಲ್ಲಿ ಉಂಟು. ಆ ವ್ಯತ್ಯಾಸ ಮನಸ್ಸಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

ನೀರಿಲ್ಲದೆ ಒಂದು ವಾರ ಬಾಡಿದ ಅಡಿಕೆ ಸಸಿಗೆ ನೀರು ಬಿಟ್ಟರೆ ಹೆಚ್ಚಿನ ಸಲ ಚೇತರಿಸಿಕೊಳ್ಳುತ್ತದೆ. ಮಿದುಳಿಗೆ ಆ ತಾಳ್ಮೆ ಇಲ್ಲ. ರಕ್ತ ನಿಂತ ಕೆಲವೇ ನಿಮಿಷಕ್ಕೆ ಜೀವಕೋಶಗಳು ಸಾಯಲು ಶುರು, ಸತ್ತದ್ದು ಮತ್ತೆ ಚಿಗುರುವುದಿಲ್ಲ.

ಮರದಿಂದ ಬಿದ್ದಾಗ

ನಮ್ಮ ಕಡೆ ಮೊದಲ ಅಪಾಯ ಇದೇ. ನಲವತ್ತು, ಐವತ್ತು ಅಡಿ ಎತ್ತರದ ಮರ, ಮಳೆಗೆ ಪಾಚಿ ಹಿಡಿದ ಕಾಂಡ, ಸೊಂಟಕ್ಕೆ ಪೈಪಿನ ಭಾರ. ಬಿದ್ದ ಕೂಡಲೇ ನಾಲ್ಕು ಜನ ಓಡಿ ಬರ್ತಾರೆ. ಒಬ್ಬ ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸ್ತಾನೆ, ಇನ್ನೊಬ್ಬ ಬಾಯಿಗೆ ನೀರು ಬಿಡ್ತಾನೆ, ಮೂರನೆಯವನು ರಿಕ್ಷಾ ತರ್ತಾನೆ. ಪ್ರೀತಿಯಿಂದಲೇ ಮಾಡುವುದು. ಆದರೆ ಬೆನ್ನೆಲುಬು ಮುರಿದು ಹುರಿ ಮಾತ್ರ ಸರಿಯಾಗಿ ಉಳಿದಿದ್ದರೆ, ಕೂರಿಸುವ ಆ ಒಂದು ಎಳೆತದಲ್ಲಿ ಮೂಳೆಯ ತುಂಡು ಜರುಗಿ ಹುರಿಯನ್ನು ಹಿಸುಕಬಹುದು. ರಿಕ್ಷಾದ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿದರೂ ಅಷ್ಟೇ. ನಡೆಯಬಹುದಾಗಿದ್ದ ಮನುಷ್ಯ ಜೀವನವಿಡೀ ಗಾಲಿಕುರ್ಚಿಗೆ ಬೀಳುವುದು ಹೀಗೂ ಉಂಟು.

ಆದ್ದರಿಂದ ಬಿದ್ದವನನ್ನು ಬಿದ್ದಲ್ಲೇ ಬಿಡಿ. ವಿದ್ಯುತ್ ತಂತಿ, ನೀರು, ಬೆಂಕಿ, ಮೇಲಿಂದ ಬೀಳುವ ಗೊನೆ, ಇಂಥದ್ದೇನಾದರೂ ಇದ್ದರೆ ಮಾತ್ರ ಸರಿಸಿ. ಒಬ್ಬರು ತಲೆಯ ಹಿಂಬದಿ ಮೊಣಕಾಲೂರಿ ಕೂತು, ಮೊಣಕೈಯನ್ನು ನೆಲಕ್ಕೆ ಊರಿ, ಎರಡೂ ಕೈಯಿಂದ ತಲೆಯನ್ನು ಅಲುಗದಂತೆ ಹಿಡಿಯಲಿ. ಕುತ್ತಿಗೆ ಸೊಟ್ಟ ಇದ್ದು, ನೇರ ಮಾಡಲು ಹೋದರೆ ನೋವಾಗುತ್ತದೆ ಅಥವಾ ಬಿಗಿ ಅನ್ನಿಸುತ್ತದೆ ಅಂತಾದರೆ ಇದ್ದ ಹಾಗೇ ಹಿಡಿಯಿರಿ. ಇವರು ಆಂಬುಲೆನ್ಸ್‌ನವರು ಬಂದು "ಈಗ ಬಿಡಿ" ಅನ್ನುವವರೆಗೆ ಏಳಬಾರದು.

ಎಚ್ಚರ ಇದ್ದರೆ ಮಾತಾಡಿಸಿ. "ತಲೆ ಆಡಿಸಬೇಡ" ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಪ್ರಶ್ನೆಗೆಲ್ಲ ತಲೆ ಆಡಿಸಿಯೇ ಉತ್ತರ ಕೊಡ್ತಾರೆ. ಕಾಲಿನ ಬೆರಳು ಅಲ್ಲಾಡಿಸಲು ಆಗ್ತದಾ, ಮುಟ್ಟಿದ್ದು ಗೊತ್ತಾಗ್ತದಾ, ಕೈಯಲ್ಲಿ ಜುಮು ಜುಮು ಉಂಟಾ ಕೇಳಿ. ಉತ್ತರವನ್ನು ಸಮಯದ ಜೊತೆ ಫೋನಿನಲ್ಲಿ ಬರೆದಿಡಿ. ಒಂಬತ್ತು ಗಂಟೆಗೆ ಆಡುತ್ತಿದ್ದ ಕಾಲು ಹತ್ತು ಗಂಟೆಗೆ ಆಡದಿದ್ದರೆ ಡಾಕ್ಟರಿಗೆ ಅದು ದೊಡ್ಡ ಮಾಹಿತಿ. ಉಸಿರಾಡುವಾಗ ಎದೆ ಏರದೆ ಹೊಟ್ಟೆ ಮಾತ್ರ ಏರಿಳಿಯುತ್ತಿದ್ದರೆ ಕುತ್ತಿಗೆಯ ಹುರಿಗೇ ಪೆಟ್ಟಾಗಿರಬಹುದು. ಫೋನಿನಲ್ಲೇ 108ರವರಿಗೆ ಹೇಳಿ.

ಎಚ್ಚರ ಇಲ್ಲದೆ ಗೊರಕೆಯಂಥ ಶಬ್ದ ಬರುತ್ತಿದ್ದರೆ ನಾಲಗೆ ಹಿಂದಕ್ಕೆ ಬಿದ್ದಿದೆ ಅಂತ ಲೆಕ್ಕ. ತಲೆಯನ್ನು ಹಿಂದಕ್ಕೆ ಬಗ್ಗಿಸದೆ, ಕಿವಿಯ ಕೆಳಗಿನ ದವಡೆ ಮೂಲೆಯನ್ನು ಎರಡೂ ಕಡೆಯಿಂದ ಬೆರಳಲ್ಲಿ ಮುಂದಕ್ಕೆ ಒತ್ತಿ. ವಾಂತಿ ಬಂದರೆ ಮರದ ದಿಮ್ಮಿ ಉರುಳಿಸಿದ ಹಾಗೆ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿ ಇಟ್ಟು ಎಲ್ಲರೂ ಒಟ್ಟಿಗೆ ಪಕ್ಕಕ್ಕೆ ತಿರುಗಿಸಿ. ಬೆನ್ನು ಮುಖ್ಯ ನಿಜ, ಆದರೆ ಉಸಿರು ಅದಕ್ಕಿಂತ ಮೊದಲು. ಉಸಿರೇ ಇಲ್ಲದಿದ್ದರೆ ಎದೆಯ ನಡುವೆ ಎರಡು ಅಂಗೈ ಜೋಡಿಸಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತುತ್ತಾ ಇರಿ.

ಆಂಬುಲೆನ್ಸ್ ರಸ್ತೆಯಲ್ಲೇ ನಿಲ್ಲುವ ತೋಟ ಆದರೆ? ಕಂಬಳಿಯಲ್ಲಿ ತೊಟ್ಟಿಲ ಹಾಗೆ ಹೊರಬೇಡಿ, ಬೆನ್ನು ಬಿಲ್ಲಿನ ಹಾಗೆ ಬಾಗ್ತದೆ. ಹಳೆಯ ಬಾಗಿಲು, ಅಗಲದ ಹಲಗೆ, ಏನೂ ಇಲ್ಲದಿದ್ದರೆ ಹಲಗೆ ಕಟ್ಟಿದ ಏಣಿ ತನ್ನಿ. ತಲೆ ಹಿಡಿದವನು "ಒಂದು, ಎರಡು, ಮೂರು" ಅಂದಾಗ ಮೂವರು ದಿಮ್ಮಿಯಂತೆ ತಿರುಗಿಸಲಿ, ನಾಲ್ಕನೆಯವನು ಹಲಗೆ ತೂರಿಸಲಿ. ಎದೆ, ಸೊಂಟ, ತೊಡೆಗೆ ಬೈರಾಸಿನಿಂದ ಕಟ್ಟಿ, ತಲೆಯ ಎರಡೂ ಬದಿಗೆ ಸುತ್ತಿದ ಬಟ್ಟೆ ಇಡಿ. ವಾಹನ ನಿಮ್ಮದೇ ಆದರೆ ರಿಕ್ಷಾಕ್ಕಿಂತ ಉದ್ದ ಮಲಗಿಸಬಹುದಾದ ಪಿಕಪ್ ಎಷ್ಟೋ ಮೇಲು.

ತಲೆಪೆಟ್ಟಿನ ವಿಷಯ ಬೇರೆಯೇ ಮೋಸ. ಬಿದ್ದವನು ಎದ್ದು ಕೂತು "ಎಂತದ್ದೂ ಆಗ್ಲಿಲ್ಲ ಮಾರ್ರೆ" ಅಂದು ಚಾ ಕುಡಿದು ಮನೆಗೆ ಹೋಗ್ತಾನೆ. ತಲೆಬುರುಡೆಯ ಒಳಗೆ ರಕ್ತ ನಿಧಾನ ಸೇರುತ್ತಿದ್ದರೆ ಕೆಲವು ಗಂಟೆ ಬಿಟ್ಟು ತೂಕಡಿಕೆ ಶುರುವಾಗ್ತದೆ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದು, ಮೂಗಿನಿಂದ ಅಥವಾ ಕಿವಿಯಿಂದ ನೀರಿನಂಥ ದ್ರವ, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ತಲೆ ತಾಗಿಸಿಕೊಂಡರೆ ಲಕ್ಷಣ ಇಲ್ಲದಿದ್ದರೂ ತೋರಿಸಿ. ಇನ್ನೊಂದು ಮಾತು: "ಕುಡಿದಿದ್ದಾನೆ, ಮಲಗಲಿ ಬಿಡಿ" ಅನ್ನುವ ತೀರ್ಮಾನ ತೋಟದಲ್ಲಿ ಯಾರೂ ಕೊಡಬಾರದು. ಕುಡಿದಿದ್ದರೂ ತಲೆ ಒಡೆದಿರಬಹುದು ಅಲ್ವಾ?

ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವುದು ಕಡಿಮೆ ಆಗಿದೆ, ಒಳ್ಳೆಯದೇ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ, ಅದು ಪ್ಲಾಸ್ಟಿಕ್ ಅಲ್ಲ. ಲೈನ್ ಹಾದುಹೋಗುವ ಸಾಲಿನಲ್ಲಿ ದೋಟಿ ಎತ್ತಬೇಡಿ.

ಲಕ್ವ ಅಂದರೆ ಪೈಪ್ ಕಟ್ಟಿದ್ದಾ, ಒಡೆದದ್ದಾ?

ಪಾರ್ಶ್ವವಾಯು ಎರಡು ಬಗೆ. ಡ್ರಿಪ್ ಲ್ಯಾಟರಲ್‌ನಲ್ಲಿ ಕಸ ಸಿಕ್ಕಿ ಮುಂದಿನ ಗಿಡಗಳಿಗೆ ನೀರು ಹೋಗದಂತೆ, ರಕ್ತನಾಳದಲ್ಲಿ ಹೆಪ್ಪು ಕಟ್ಟುವುದು ಒಂದು. ಹೆಚ್ಚಿನವು ಇವೇ. ಪ್ರೆಶರ್ ಜಾಸ್ತಿಯಾಗಿ ಪೈಪೇ ಒಡೆಯುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣ್ತವೆ, ಸಿ.ಟಿ. ಸ್ಕ್ಯಾನ್ ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ವಾಟ್ಸಾಪಿನಲ್ಲಿ ಬಂದ ಮೆಸೇಜ್ ನೋಡಿ ಆಸ್ಪಿರಿನ್ ಕೊಡಬೇಡಿ. ಹೃದಯಾಘಾತದ ಸಲಹೆಯನ್ನು ಇಲ್ಲಿಗೆ ತಂದು ಅಂಟಿಸಿದ ಮೆಸೇಜ್ ಅದು. ಒಡೆದ ಪೈಪಿಗೆ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರೆ ಏನಾಗ್ತದೆ ನೀವೇ ಯೋಚಿಸಿ. ಬಿ.ಪಿ. ಮಾತ್ರೆಯೂ ಬೇಡ. ನುಂಗುವ ಶಕ್ತಿ ಹೋಗಿರುವುದರಿಂದ ನೀರು, ಗಂಜಿ, ಕಷಾಯ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಉಂಟು.

ಗುರುತಿಸುವುದು ಕಷ್ಟವಿಲ್ಲ. ನಗಲು ಹೇಳಿ, ಬಾಯಿ ಒಂದು ಬದಿಗೆ ಸೊಟ್ಟವಾಗ್ತದಾ ನೋಡಿ. ಕಣ್ಣು ಮುಚ್ಚಿ ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಒಂದು ಕೈ ಕೆಳಗೆ ಜಾರ್ತದಾ? ಒಂದು ವಾಕ್ಯ ಹೇಳಿಸಿ, ತೊದಲ್ತಾರಾ, ಸಂಬಂಧವಿಲ್ಲದ ಮಾತಾಡ್ತಾರಾ? ಇದ್ದಕ್ಕಿದ್ದಂತೆ ನಡಿಗೆ ವಾಲುವುದು, ಒಂದು ಕಡೆ ಕಣ್ಣು ಕಾಣದಿರುವುದೂ ಇದೇ ಸಾಲಿಗೆ ಸೇರ್ತದೆ. ಹತ್ತು ನಿಮಿಷದಲ್ಲಿ ತಾನಾಗಿ ಸರಿಯಾದರೂ ಆಸ್ಪತ್ರೆಗೆ ಹೋಗಬೇಕು. ಅದು ದೊಡ್ಡದು ಬರುವ ಮೊದಲಿನ ಸಣ್ಣ ಎಚ್ಚರಿಕೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶ. ಆ ನಾಲ್ಕೂವರೆ ಗಂಟೆ ಎಲ್ಲಿಂದ ಲೆಕ್ಕ? ನಾವು ನೋಡಿದ ಹೊತ್ತಿನಿಂದ ಅಲ್ಲ, ಅವರು ಕೊನೆಯದಾಗಿ ಸರಿ ಇದ್ದ ಹೊತ್ತಿನಿಂದ. ಬೆಳಗ್ಗೆ ಆರಕ್ಕೆ ಏಳುವಾಗಲೇ ಕೈ ಬಿದ್ದುಹೋಗಿದ್ದರೆ, ರಾತ್ರಿ ಎರಡಕ್ಕೆ ಎದ್ದು ಬಾತ್‌ರೂಮಿಗೆ ಸರಿಯಾಗಿ ನಡೆದಿದ್ದರಾ ಅಂತ ಮನೆಯವರನ್ನು ಕೇಳಿ. ಆ ಉತ್ತರದ ಮೇಲೆ ಇಂಜೆಕ್ಷನ್ ಕೊಡುವುದಾ ಬಿಡುವುದಾ ಅನ್ನುವುದು ನಿಂತಿರಬಹುದು. ದೊಡ್ಡ ರಕ್ತನಾಳ ಕಟ್ಟಿದ್ದರೆ ತಂತಿ ತೂರಿಸಿ ಹೆಪ್ಪು ಎಳೆದು ತೆಗೆಯುವ ಚಿಕಿತ್ಸೆ ಉಂಟು, ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡ್ತಾರೆ. ಆದರೆ ಸಮಯ ಇದೆ ಅಂತ ಕೂರುವ ಹಾಗಿಲ್ಲ. ಚಿಕಿತ್ಸೆ ಇಲ್ಲದೆ ಹೋಗುವ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತವೆ ಅಂತ ವೈದ್ಯರ ಲೆಕ್ಕ. ಲಕ್ವಕ್ಕೆ ನಾಟಿ ಮದ್ದು, ಎಣ್ಣೆ ತಿಕ್ಕುವುದು ಇವೆಲ್ಲ ಆ ಗಂಟೆಗಳಲ್ಲಿ ಬೇಡವೇ ಬೇಡ.

ಶುಗರ್ ಇರುವವರಾದರೆ ಮನೆಯಲ್ಲಿರುವ ಗ್ಲೂಕೋಮೀಟರಿನಲ್ಲಿ ಒಮ್ಮೆ ನೋಡಿ. ಸಕ್ಕರೆ ತೀರಾ ಇಳಿದಾಗಲೂ ಲಕ್ವದ ಹಾಗೇ ಕಾಣಬಹುದು. ನೋಡಿದ ಅಂಕಿ ಬರೆದಿಡಿ, ಅದಕ್ಕಾಗಿ ಹೊರಡುವುದನ್ನು ತಡ ಮಾಡಬೇಡಿ.

ಎಲ್ಲಿಗೆ ಹೋಗಬೇಕು ಅನ್ನುವುದು ಇಲ್ಲಿ ತುಂಬಾ ಮುಖ್ಯ. ಹತ್ತಿರದ ಕ್ಲಿನಿಕ್‌ಗೆ ಹೋಗಿ ಡ್ರಿಪ್ ಹಾಕಿಸಿಕೊಂಡು, ಅಲ್ಲಿಂದ ಇನ್ನೊಂದು ಕಡೆ, ಅಲ್ಲಿಂದ ಮಂಗಳೂರಿಗೆ ಅಂತ ಮೂರು ಕಡೆ ನಿಂತರೆ ಗಂಟೆಗಳು ಮುಗಿದವು. ಸಿ.ಟಿ. ಸ್ಕ್ಯಾನ್ ಮತ್ತು ಹೆಪ್ಪು ಕರಗಿಸುವ ಇಂಜೆಕ್ಷನ್ ಎರಡೂ ಇರುವ ಕಡೆಗೇ ನೇರ ಹೋಗಬೇಕು. ಮಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳು ಬೇರೆ ಬೇರೆ ದಿಕ್ಕಿನಲ್ಲಿ ಹರಡಿವೆ: ಬಿ.ಸಿ. ರೋಡ್ ಕಡೆಯಿಂದ ಬರುವವರಿಗೆ ಪಡೀಲ್ ದಾಟಿದರೆ ಕಂಕನಾಡಿಯ ಫಾದರ್ ಮುಲ್ಲರ್, ತಲಪಾಡಿ ಕಡೆಯವರಿಗೆ ದೇರಳಕಟ್ಟೆಯ ಯೇನೆಪೋಯ ಮತ್ತು ಕೆ.ಎಸ್. ಹೆಗ್ಡೆ, ಸುರತ್ಕಲ್ ಕಡೆಯಿಂದಾದರೆ ಕುಂಟಿಕಾನದ ಎ.ಜೆ., ನಗರದ ನಡುವೆ 1848ರಿಂದ ಇರುವ ಸರಕಾರಿ ವೆನ್ಲಾಕ್ ಮತ್ತು ಕೆ.ಎಂ.ಸಿ. ನಿಮ್ಮ ದಾರಿಗೆ ಯಾವುದು ಹತ್ತಿರವೋ ಅಲ್ಲಿಗೆ ಈ ವಾರವೇ ಒಂದು ಫೋನ್ ಮಾಡಿ: "ರಾತ್ರಿ ಎರಡು ಗಂಟೆಗೆ ಬಂದರೆ ಸ್ಕ್ಯಾನ್ ಉಂಟಾ, ಸ್ಟ್ರೋಕ್ ಇಂಜೆಕ್ಷನ್ ಉಂಟಾ, ಆಯುಷ್ಮಾನ್ ಕಾರ್ಡ್ ನಡೀತದಾ?" ರಾತ್ರಿ ಎರಡು ಗಂಟೆಗೆ ಕೇಳಬೇಕಾದ ಪ್ರಶ್ನೆಗಳಲ್ಲ ಇವು.

ದೂರ ಅಂದರೆ ಏನು ಅಂತ ಕಾಸರಗೋಡಿನ ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಮಂಜೇಶ್ವರ, ಉಪ್ಪಳದವರಿಗೆ ಮೊದಲಿನಿಂದಲೂ ಮಂಗಳೂರೇ ದೊಡ್ಡಾಸ್ಪತ್ರೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸುಗಳು ವಾಪಸಾದವು, ಚಿಕಿತ್ಸೆ ಸಿಗದೆ ಜನ ತೀರಿಕೊಂಡರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅರ್ಧ ಗಂಟೆಯ ದಾರಿ ಮುಚ್ಚಿದರೆ ಎಷ್ಟು ದೊಡ್ಡದಾಗ್ತದೆ ಅಂತ ಆಗ ಎಲ್ಲರಿಗೂ ಕಂಡಿತು. ನಮ್ಮವರಿಗೆ ಝೀರೋ ಟ್ರಾಫಿಕ್ ಆಂಬುಲೆನ್ಸಿನ ವಿಡಿಯೋ ಅಂದರೆ ಬಹಳ ಇಷ್ಟ. ನನಗನ್ನಿಸುವುದು, ಹೆಚ್ಚು ಸಮಯ ಹೋಗುವುದು ಹೈವೇಯಲ್ಲಲ್ಲ, "ಸ್ವಲ್ಪ ಮಲಗಿದರೆ ಸರಿಯಾಗಬಹುದು" ಅಂತ ಜಗಲಿಯಲ್ಲಿ ಕಾಯುವಾಗ.

ಫಿಟ್ಸ್ ಬಂದರೆ

ಇದರಲ್ಲಿ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಜಾಸ್ತಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತೂರಿಸುವುದು, ಕೈಕಾಲು ಅದುಮಿ ಹಿಡಿಯುವುದು ಯಾವುದೂ ಬೇಡ. ಫೋನಿನ ಸ್ಟಾಪ್‌ವಾಚ್ ಒತ್ತಿ. ಕತ್ತಿ, ಕಲ್ಲು, ತೋಡಿನ ಅಂಚಿನಿಂದ ದೂರ ಮಾಡಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಕುತ್ತಿಗೆಯ ಗುಂಡಿ ಸಡಿಲಿಸಿ, ಪಕ್ಕಕ್ಕೆ ತಿರುಗಿಸಿ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ತದೆ. ಐದು ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ, ಜೀವನದಲ್ಲಿ ಮೊದಲ ಸಲ ಆದರೆ, ಗರ್ಭಿಣಿ ಆದರೆ, ನೀರಿನಲ್ಲಿ ಆದರೆ, ಬಿದ್ದು ಪೆಟ್ಟಾಗಿದ್ದರೆ 108. ಇನ್ನೊಬ್ಬರು ಇದ್ದರೆ ಅರ್ಧ ನಿಮಿಷದ ವಿಡಿಯೋ ಮಾಡಿ ಡಾಕ್ಟರಿಗೆ ಮಾತ್ರ ತೋರಿಸಿ. ಸ್ಟೇಟಸ್‌ಗೆ ಹಾಕಲು ಅಲ್ಲ.

ಬೇಸಿಗೆಯ ಬಿಸಿಲಲ್ಲಿ ಕೆಲಸ ಮಾಡುತ್ತಿದ್ದವರು ಗೊಂದಲದ ಮಾತಾಡಿ ಬಿದ್ದು, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. ಬೆವರು ಇದೆ ಅಂತ ಮೋಸ ಹೋಗಬೇಡಿ. ಇಲ್ಲಿ ಕ್ರಮ ಬೇರೆ: 108ಕ್ಕೆ ಹೇಳಿ, ವಾಹನಕ್ಕೆ ಕಾಯದೆ ನೆರಳಿಗೆ ತಂದು ಸ್ಪ್ರಿಂಕ್ಲರ್ ಪೈಪಿನಿಂದಲೇ ಮೈಮೇಲೆ ತಣ್ಣೀರು ಬಿಡಿ, ಗಾಳಿ ಬೀಸಿ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು.

ಕೀಟದ ನರಕ್ಕೆ ಹೊಡೆಯುವ ಮದ್ದು ನಮ್ಮ ನರಕ್ಕೂ ಹೊಡೆಯುತ್ತದೆ

ಬೇರುಹುಳಕ್ಕೆ ಸುರಿಯುವ ಕ್ಲೋರ್‌ಪೈರಿಫಾಸ್ ಆರ್ಗಾನೋಫಾಸ್ಫೇಟ್ ಜಾತಿಯದ್ದು. ಆ ಜಾತಿಯ ಮದ್ದುಗಳೆಲ್ಲ ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ನಿಲ್ಲದ ಹಾಗೆ ಮಾಡುತ್ತವೆ. ಸ್ವಿಚ್ ಆನ್ ಆಗಿಯೇ ಉಳಿದ ಪಂಪಿನ ಹಾಗೆ. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗ್ತದೆ, ಜೊಲ್ಲು, ಬೆವರು, ವಾಂತಿ, ಭೇದಿ, ಎದೆಯಲ್ಲಿ ಕಫದ ಗೊರಗೊರ, ಸ್ನಾಯು ಅದುರುವುದು, ಆಮೇಲೆ ಫಿಟ್ಸ್, ಉಸಿರು ನಿಲ್ಲುವುದು. ಕುಡಿದೇ ಆಗಬೇಕೆಂದಿಲ್ಲ, ಬೆನ್ನಿಗೆ ಸೋರುವ ಕ್ಯಾನ್ ಸಾಕು, ಚರ್ಮದಿಂದಲೂ ಇಳಿಯುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡು ಬಟ್ಟೆಯೆಲ್ಲ ತೆಗೆದುಹಾಕಿ, ಸೋಪು ನೀರಿನಲ್ಲಿ ಕೂದಲು, ಉಗುರು ಸಮೇತ ತೊಳೆಯಿರಿ. ವಾಂತಿ ಮಾಡಿಸಬೇಡಿ. ಉಪ್ಪುನೀರು, ಹಾಲು, ಮಜ್ಜಿಗೆ ಬೇಡ. ಎಡಮಗ್ಗುಲಲ್ಲಿ ಮಲಗಿಸಿ. ಬಾಟಲಿಯ ಲೇಬಲ್‌ನ ಫೋಟೋ ತೆಗೆದು ಬಾಟಲಿಯನ್ನೂ ಕವರಿನಲ್ಲಿ ಕಟ್ಟಿ ಒಯ್ಯಿರಿ. ಲೇಬಲ್ಲಿನಲ್ಲಿ ಪ್ರತಿವಿಷದ ಹೆಸರು ಬರೆದಿರ್ತದೆ. ಬೇಕೆಂದೇ ಕುಡಿದವರಾದರೆ ಬೈಯುವುದು, ಬುದ್ಧಿ ಹೇಳುವುದು ಆಗ ಬೇಡ, ಜೊತೆಗಿರಿ. ಪೊಲೀಸ್ ಕೇಸಿಗೆ ಹೆದರಿ ಲೇಬಲ್ ಮುಚ್ಚಿಟ್ಟರೆ ಹೋಗುವುದು ಜೀವ.

ನಮ್ಮ ಸಾವಯವದವರಿಗೂ ಒಂದು ಮಾತು. ತಂಬಾಕಿನ ಕಷಾಯ ಮನೆಯಲ್ಲೇ ಕುದಿಸಿದ್ದು, ಕೆಮಿಕಲ್ ಅಲ್ಲ ಅಂತ ಬರಿಗೈಯಲ್ಲಿ ಹಿಂಡುವವರನ್ನು ನೋಡಿದ್ದೇನೆ. ಅದರಲ್ಲಿರುವ ನಿಕೋಟಿನ್ ಅಪ್ಪಟ ನರವಿಷ, ಚರ್ಮದ ಮೂಲಕ ಸಲೀಸಾಗಿ ಇಳಿಯುತ್ತದೆ. ತಲೆಸುತ್ತು, ವಾಂತಿ, ಜೊಲ್ಲಿನಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗಬಹುದು. ಗಿಡದಿಂದ ಬಂದದ್ದು ಅನ್ನುವ ಕಾರಣಕ್ಕೆ ಯಾವ ವಿಷವೂ ಮೆತ್ತಗಾಗುವುದಿಲ್ಲ.

ಬೆಳಗ್ಗೆ ಹೊಟ್ಟೆನೋವು, ಕಣ್ಣು ಬಿಡಲಾಗುತ್ತಿಲ್ಲ

ಕಟ್ಟುಹಾವು, ಕೆಲವೆಡೆ ಕಡಂಬಳ ಅಂತಾರೆ, ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚುವುದು ಹೆಚ್ಚು. ನೋವು ಇಲ್ಲ, ಊತ ಇಲ್ಲ, ಗುರುತೂ ಕಾಣದಿರಬಹುದು. ಎಷ್ಟೋ ಸಲ ಕಚ್ಚಿದ್ದೇ ಗೊತ್ತಿರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಜೋಲುವುದು, ಎರಡೆರಡು ಕಾಣುವುದು, ಎಂಜಲು ನುಂಗಲು ಕಷ್ಟ, ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ಅಡಿಕೆ ಅಂಗಳದಲ್ಲಿ, ಶೆಡ್ಡಿನಲ್ಲಿ ಮಲಗುವ ಕೆಲಸದವರು ಬೆಳಗ್ಗೆ ಹೀಗೆ ಹೇಳಿದರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಮಲಗಿಸಬೇಡಿ.

ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಹೀರುವುದು ಬಿಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈ ಅಥವಾ ಕಾಲನ್ನು ಮುರಿದ ಮೂಳೆಗೆ ಮಾಡಿದ ಹಾಗೆ ಕೋಲು ಕಟ್ಟಿ ಅಲುಗದಂತೆ ಮಾಡಿ, ನಡೆಸದೆ ಒಯ್ಯಿರಿ. ಹಾವನ್ನು ಹುಡುಕಲು ಹೋಗಬೇಡಿ, ದೂರದಿಂದ ಫೋಟೋ ಸಿಕ್ಕಿದರೆ ಸಾಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಪ್ರತಿವಿಷದ ಜೊತೆ ಕೃತಕ ಉಸಿರಾಟದ ಯಂತ್ರವೂ ಬೇಕಾಗ್ತದೆ, ಫೋನಿನಲ್ಲಿ ಎರಡನ್ನೂ ಕೇಳಿ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತ ಸರಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿದೆ.

ಇದನ್ನು ಗಟ್ಟಿಯಾಗಿ ನೆನಪಿಡಿ: ಕಟ್ಟುಹಾವಿನ ವಿಷದಲ್ಲಿ ಕಣ್ಣು, ಕೈ, ಕಾಲು ಯಾವುದೂ ಆಡದೆ ಸತ್ತವರ ಹಾಗೆ ಕಾಣುವವರಿಗೆ ಒಳಗೆ ಪೂರ್ತಿ ಎಚ್ಚರ ಇರಬಹುದು, ನಿಮ್ಮ ಮಾತು ಕೇಳಿಸುತ್ತಿರಬಹುದು. ಉಸಿರು ನಿಂತರೆ ಬಾಯಿಗೆ ಬಾಯಿ ಇಟ್ಟು ಊದುತ್ತಾ ದಾರಿಯುದ್ದ ಕೊಂಡುಹೋಗಿ. ನಾಡಿಯೂ ಸಿಗದಿದ್ದರೆ ಎದೆ ಒತ್ತುವುದನ್ನೂ ಶುರು ಮಾಡಿ. ಯಂತ್ರದ ಉಸಿರಿನಲ್ಲಿ ಕೆಲವು ದಿನ ಇದ್ದು ನಡೆದುಕೊಂಡು ಮನೆಗೆ ಬಂದವರಿದ್ದಾರೆ.

ಫೋನಿನಲ್ಲಿ ಇವತ್ತೇ ಮಾಡಿಡಬೇಕಾದ್ದು

108 ನಮ್ಮ ರಾಜ್ಯದಲ್ಲಿ 2008ರಿಂದ ಇದೆ, ಗಡಿಯಾಚೆ ಕೇರಳದಲ್ಲೂ ಅದೇ ನಂಬರ್. ಕರೆ ಮಾಡಿದಾಗ ತೋಟದ ಹೆಸರು ಹೇಳಿದರೆ ಅವರಿಗೆ ಗೊತ್ತಾಗುವುದಿಲ್ಲ. ಮನೆ, ಪಂಪ್‌ಶೆಡ್, ವಾಹನ ಬಂದು ತಿರುಗಬಹುದಾದ ಜಾಗ, ಈ ಮೂರರ ಲೊಕೇಶನ್ ಪಿನ್ ಮಾಡಿ ಮನೆಯವರ ಗ್ರೂಪಿಗೆ ಹಾಕಿಡಿ. ನೆಟ್‌ವರ್ಕ್ ಸಿಗುವ ಕಲ್ಲು ಯಾವುದು ಅಂತ ಹೊಸ ಕೆಲಸದವರಿಗೂ ತೋರಿಸಿ. ಕರೆ ಮಾಡಿದ ಮೇಲೆ ಒಬ್ಬರನ್ನು ಬೈಕಿನಲ್ಲಿ ಮುಖ್ಯರಸ್ತೆಗೆ ಕಳಿಸಿ, ಗೇಟುಗಳನ್ನು ತೆರೆದಿಡಲು ಹೇಳಿ.

ದೂರದೂರಿನಿಂದ ಕೆಲಸಕ್ಕೆ ಬಂದವರ ಮನೆಯ ನಂಬರ್, ಅವರು ತೆಗೆದುಕೊಳ್ಳುವ ಮಾತ್ರೆಯ ಚೀಟಿ, ಆಧಾರ್ ಮತ್ತು ಆರೋಗ್ಯ ಕಾರ್ಡಿನ ಫೋಟೋ ಅವರನ್ನೇ ಕೇಳಿ ಇಟ್ಟುಕೊಳ್ಳಿ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಉಂಟು, ಹತ್ತಿಸುವ ಮೊದಲು ಮಾಡಿಸಿದ್ದಾರಾ ವಿಚಾರಿಸಿ. ಹಲಗೆ, ನಾಲ್ಕು ಬೈರಾಸು, ಗ್ಲೌಸ್, ಸೋಪು ಪಂಪ್‌ಶೆಡ್ಡಿನ ಒಳಗೆ ಬೀಗ ಹಾಕದ ಜಾಗದಲ್ಲಿರಲಿ. ದಿಮ್ಮಿ ಉರುಳಿಸಿದಂತೆ ತಿರುಗಿಸುವುದನ್ನು ಒಂದು ಭಾನುವಾರ ಮನೆಯವರೇ ಯಾರಾದರೂ ಮಲಗಿ ಅಭ್ಯಾಸ ಮಾಡಿ ನೋಡಿ. ಮೊದಲ ಸಲ ಖಂಡಿತ ನಗು ಬರ್ತದೆ, ಮೂರನೆಯ ಸಲಕ್ಕೆ ಯಾರು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗಿರ್ತದೆ.